350ನೇ ಸ್ಕ್ವಾಡ್ರನ್ ದಾಖಲೆಯಲ್ಲಿ ಸೆಲಿಸ್ ಲಾಂಗ್‌ಶಾಂ ಯಾಕಿಲ್ಲ?

ಎರಡನೇ ಮಹಾಯುದ್ಧದ ಬೆಲ್ಜಿಯನ್ ಪೈಲಟ್ ಜಾಂ ಡಿ ಸೆಲಿಸ್ ಲಾಂಗ್‌ಶಾಂ ಬ್ರಸೆಲ್ಸ್ ದಾಳಿಯಲ್ಲಿ ಸತ್ತರು ಅಂದುಕೊಂಡು, ಅವರ ಹೆಸರನ್ನು 350ನೇ ಸ್ಕ್ವಾಡ್ರನ್ (ಯುದ್ಧವಿಮಾನಗಳ ದಳ) ದಾಖಲೆಯಲ್ಲಿ ಹುಡುಕಿ, ಸಿಗಲಿಲ್ಲ ಅಂತ ಕೇಳಿದ್ದೀರಿ. 350 ಬ್ರಿಟನ್ನಿನ ವಾಯುಪಡೆ ಆರ್‌ಎಎಫ್‌ನಲ್ಲಿದ್ದ ಬೆಲ್ಜಿಯನ್ನರದೇ ಸ್ಕ್ವಾಡ್ರನ್. ಆ ದಾಳಿಯ ಹೊತ್ತಿಗೆ ಅವರು ಇದ್ದದ್ದು ಆರ್‌ಎಎಫ್‌ನದೇ 609ರಲ್ಲಿ. ನಿಮಗೆ ಹೆಸರು ಸಿಗದಿರಲು ಬಹುಶಃ ಇದೇ ಕಾರಣ.

ಮೊದಲು ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್ ಜಾಲತಾಣದಲ್ಲಿ ಏರ್ 27 (AIR 27) ಎಂಬ ಸ್ಕ್ವಾಡ್ರನ್ ದಾಖಲೆಗಳ ಸರಣಿ ತೆಗೆದು 609 ಹುಡುಕಿ. ಆಮೇಲೆ 1943ರ ಜನವರಿ 20ರ ಪುಟ ನೋಡಿ. ಅವತ್ತೇ ಅವರು ಟೈಫೂನ್ ವಿಮಾನದಲ್ಲಿ ಬ್ರಸೆಲ್ಸ್‌ನ ಅವೆನ್ಯೂ ಲೂಯಿಸ್ ಮೇಲೆ ತಗ್ಗಿನಲ್ಲಿ ನುಗ್ಗಿ, ಗೆಸ್ಟಾಪೊ (ನಾಜಿ ರಹಸ್ಯ ಪೊಲೀಸ್) ಕಚೇರಿಗೆ ಗುಂಡಿನ ಮಳೆ ಸುರಿಸಿದ್ದು. ಅದೂ ಅಪ್ಪಣೆ ಇಲ್ಲದೆ! ದರ್ಜೆ ಇಳಿಸಿದರು, ಡಿಎಫ್‌ಸಿ ಎಂಬ ಶೌರ್ಯ ಪದಕವನ್ನೂ ಕೊಟ್ಟರು. ವಿಚಿತ್ರ ಅಲ್ವಾ?

ನೀವು ಅಂದುಕೊಂಡಂತೆ ಆ ದಾಳಿಯಲ್ಲಿ ಅವರು ಸಾಯಲಿಲ್ಲ. ತೀರಿಕೊಂಡದ್ದು ಅದೇ ವರ್ಷ ಆಗಸ್ಟ್ 16ರಂದು, ಇಂಗ್ಲೆಂಡಿನ ಮ್ಯಾನ್‌ಸ್ಟನ್‌ನಲ್ಲಿ ವಿಮಾನ ಇಳಿಸುವಾಗ. ಆಗ ಅವರು 3ನೇ ಸ್ಕ್ವಾಡ್ರನ್‌ನಲ್ಲಿದ್ದರು. ಹಾಗಾಗಿ ಅದರ ಆಗಸ್ಟ್ ತಿಂಗಳ ಪುಟಗಳನ್ನೂ ತೆಗೆಯಿರಿ. ಹೆಸರಿನ ಪಟ್ಟಿಗಳಲ್ಲಿ ಡಿ, ಎಸ್, ಎಲ್ ಮೂರೂ ಅಕ್ಷರಗಳ ಕೆಳಗೆ ಹುಡುಕಿ.