ಊಟ ಸೇರದ ದಿನ ಯಾವುದು?

ನಾನು ಆಪ್ತಸಲಹೆಗಾರ್ತಿ. ನೌಕರಿ ಬಿಡಬೇಕು ಅಂತ ನನ್ನ ಹತ್ತಿರ ಬರುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಬ್ಯಾಂಕಿನವರು, ಖಾಸಗಿ ಶಾಲೆಯ ಮೇಷ್ಟ್ರುಗಳು, ಕೊರೋನಾ ಕಾಲದಲ್ಲಿ ಬೆಂಗಳೂರಿನಿಂದ ಕಲಬುರಗಿಗೆ ಬಂದು ಇಲ್ಲೇ ಕೂತು ಕೆಲಸ ಮಾಡುತ್ತಿರುವ ಸಾಫ್ಟ್‌ವೇರ್ ಹುಡುಗರು. ಬಹಳ ಮಂದಿಯ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ಯಾವುದೋ ವಿಡಿಯೋ ನೋಡಿ, ಐವತ್ತು ಪದಗಳ ಪೈಕಿ ತಮ್ಮ ಐದು ಮೌಲ್ಯಗಳನ್ನು ಆರಿಸಿಕೊಂಡು ಬಂದಿರುತ್ತಾರೆ. ಸ್ವಾತಂತ್ರ್ಯ, ಕುಟುಂಬ, ಬೆಳವಣಿಗೆ, ಪ್ರಾಮಾಣಿಕತೆ, ನೆಮ್ಮದಿ. ಎಲ್ಲರದೂ ಹೆಚ್ಚುಕಮ್ಮಿ ಇವೇ ಐದು. ಇವು ಬೇಡ ಅನ್ನೋರು ಯಾರಿದ್ದಾರೆ ಹೇಳಿ?

ಪಟ್ಟಿ ತಪ್ಪು ಅಂತಲ್ಲ. ಆದರೆ ಅದನ್ನು ನಂಬಿ ರಾಜೀನಾಮೆ ಬರೆಯಬೇಡಿ ಅಂತ ನಾನು ಹಟ ಹಿಡಿಯುತ್ತೇನೆ. ಯಾಕೆ ಅನ್ನೋದಕ್ಕೆ ಈ ಪ್ರಕರಣ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ. ಹೆಸರು ಶರಣು ಅಂತಿರಲಿ. ನಮ್ಮ ಕಡೆ ಓಣಿಗೆ ನಾಲ್ಕು ಜನ ಶರಣು ಸಿಗುತ್ತಾರೆ. ಹುಡುಕಲು ಹೊರಟರೆ ಸುಸ್ತಾಗುತ್ತೀರಿ.

ಶರಣುಗೆ ಮೂವತ್ತೈದರ ಆಸುಪಾಸು. ಬ್ಯಾಂಕ್ ಆಫೀಸರ್, ಹಳ್ಳಿ ಶಾಖೆಯಲ್ಲಿ ಕೃಷಿ ಸಾಲ ನೋಡಿಕೊಳ್ಳುತ್ತಾರೆ. ಹೆಂಡತಿ ಸರ್ಕಾರಿ ಶಾಲೆಯ ಟೀಚರ್, ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿಯಲ್ಲಿ ಆಯ್ಕೆಯಾದವರು. ಇಬ್ಬರು ಮಕ್ಕಳು. ಊರಲ್ಲಿ ಅಪ್ಪ, ಅವ್ವ, ಒಂದಿಷ್ಟು ಎರೆ ಹೊಲ. ಹೆಂಡತಿಯ ಅಣ್ಣನ ಜೊತೆ ಸೇರಿ ತೊಗರಿ ಬೇಳೆ ಪ್ಯಾಕ್ ಮಾಡಿ ಬೆಂಗಳೂರಿಗೆ ಕಳಿಸೋದು ಅವರ ಯೋಜನೆ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ, ಹೆಸರಂತೂ ಮೊದಲಿಂದ ಇದೆ. ಮೊದಲ ಭೇಟಿಗಳು ಬಂಡವಾಳ, ಮಷೀನು, ಪ್ಯಾಕೆಟ್ಟಿನ ಲೆಕ್ಕದಲ್ಲೇ ಕಳೆದವು. ಅದನ್ನು ಇಲ್ಲಿ ಬರೆಯೋದು ಬೇಡ.

ಆಮೇಲೊಂದು ದಿನ ಅವರು ಮತ್ತೆ ಪಟ್ಟಿ ತೆಗೆದರು. ‘ಅದನ್ನ ಮಡಚಿ ಇಡಿ. ಈ ನೌಕರಿಗೆ ಸೇರಿದ ಮೇಲೆ ನಿಮಗೆ ಊಟ ಸೇರದ ದಿನ ಯಾವುದು? ಅದನ್ನ ಹೇಳಿ’ ಅಂದೆ.

‘ಟಾರ್ಗೆಟ್ ಭಾಳ ಅದರಿ ಮೇಡಂ. ದಿನಾ ಸಂಜಿಗಿ ಮೀಟಿಂಗು, ಬೈಗಳ...’

‘ಅದು ದಿನದ ಗೋಳು. ನನಗೆ ಒಂದೇ ಒಂದು ದಿನ ಬೇಕು.’

ತುಂಬಾ ಹೊತ್ತು ಸುಮ್ಮನೆ ಕೂತರು. ಆಮೇಲೆ ಒಬ್ಬ ಮುತ್ಯಾನ, ಅಂದರೆ ಅಜ್ಜನ, ವಿಷಯ ಬಂತು.

ಕಿಸಾನ್ ಕ್ರೆಡಿಟ್ ಕಾರ್ಡಿನ ಸಾಲ ರಿನ್ಯೂವಲ್‌ಗೆ ಬಂದಿದ್ದ ರೈತ. ಮೂರು ಲಕ್ಷದ ಸಾಲ. ಅದೇ ಹೊತ್ತಿಗೆ ಶಾಖೆಗೆ ವಿಮೆಯ ಟಾರ್ಗೆಟ್. ಸಾಲದ ಕಾಗದದ ಜೊತೆ ಇನ್ನೊಂದು ಫಾರಂಗೂ ಶರಣು ಸಹಿ ಹಾಕಿಸಿದರು. ಶೇರು ಮಾರುಕಟ್ಟೆಗೆ ಹಣ ಹಾಕುವ ಯುಲಿಪ್ ಪಾಲಿಸಿ, ವರ್ಷಕ್ಕೆ 30,000 ಕಂತು. 2025-26ರಲ್ಲಿ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ಇತ್ತು. ಆ ಲೆಕ್ಕದಲ್ಲಿ ನೋಡಿದರೂ ಹತ್ತಿರ ಹತ್ತಿರ ನಾಲ್ಕು ಕ್ವಿಂಟಲ್ ತೊಗರಿ. ಮಳೆ ನಂಬಿದ ಹೊಲದಲ್ಲಿ ಒಂದೆಕರೆಗೆ ಅಷ್ಟು ಬಂದರೆ ಪುಣ್ಯ.

‘ಸುಳ್ಳು ಹೇಳಿಲ್ರಿ ಮೇಡಂ. ವರ್ಷಕ್ಕ ಇಷ್ಟು ಇಡು ಮುತ್ಯಾ, ಮುಂದ ಚಲೋ ರೊಕ್ಕ ಬರ್ತದ ಅಂದೆ. ವಿಮಾ ಅನ್ನೋದು ಅಷ್ಟು ಬಾಯಾಗ ಬರ್ಲಿಲ್ಲ.’

ಮರುವರ್ಷ ಬಿತ್ತನೆ ಹೊತ್ತಿಗೆ ಮುತ್ಯಾ ಬ್ಯಾಂಕಿಗೆ ಬಂದ. ಬೀಜದ ಕಂಪನಿಯ ಪ್ಲಾಸ್ಟಿಕ್ ಚೀಲ ಬಿಚ್ಚಿ ಒಂದು ಲಕೋಟೆ ಟೇಬಲ್ ಮೇಲಿಟ್ಟ. ಪಾಲಿಸಿ ಬಾಂಡು. ಅಂಚೆಯಲ್ಲಿ ಬಂದ ಲಕೋಟೆಯ ಅಂಟು ಇನ್ನೂ ಬಿಟ್ಟಿರಲಿಲ್ಲ. ‘ಸಾಹೇಬ್ರ, ನಾ ಇಟ್ಟ ಡಿಪಾಜಿಟ್ ಬಿಡಿಸಿ ಕೊಡ್ರಿ, ಬೀಜ ತರಬೇಕು’ ಅಂದ.

‘ಐದು ವರ್ಷ ಬಿಡಿಸ್ಲಿಕ್ಕಿ ಬರಂಗಿಲ್ಲ ಮುತ್ಯಾ ಅಂದೆ. ಬೈತಾನ ಅನ್ಕೊಂಡಿದ್ದೆ. ಹಂಗಿದ್ರ ಇರ್ಲಿ, ನೀ ಇದ್ದೀಯಲ್ಲಪ್ಪ, ನೋಡ್ಕೋ ಅಂತ ಕೈ ಮುಗದು ಹೋದ. ಬೈದಿದ್ರ ಊಟ ಮಾಡ್ತಿದ್ದೆ ಏನೋ ರಿ.’

ಅವರ ಪಟ್ಟಿಯಲ್ಲಿ ಸ್ವಾತಂತ್ರ್ಯ ಮೊದಲನೇ ಸಾಲಿನಲ್ಲಿತ್ತು. ಪ್ರಾಮಾಣಿಕತೆ ನಾಲ್ಕನೆಯದು. ಆದರೆ ಹೊಟ್ಟೆ ಹಿಡಿದಿದ್ದು ಯಾವುದು? ಸ್ವಾತಂತ್ರ್ಯ ಇಲ್ಲ ಅಂತ ಅವರು ಒಂದು ಹೊತ್ತಿನ ಊಟವನ್ನೂ ಬಿಟ್ಟಿರಲಿಲ್ಲ. ನಂಬಿ ಬಂದವರಿಗೆ ಪೂರ್ತಿ ವಿಷಯ ಹೇಳದೆ ಇರೋಕೆ ಈ ಮನುಷ್ಯನ ಕೈಲಿ ಆಗಲ್ಲ. ನನ್ನ ಪ್ರಕಾರ ಮೌಲ್ಯ ಅಂದರೆ ಇದು. ಬೇಕು ಅಂತ ಆರಿಸಿಕೊಂಡಿದ್ದಲ್ಲ, ಬೇಡ ಅಂದರೂ ಬಿಡದೆ ಕಾಡೋದು.

ಹಾಗಿದ್ದರೆ ನೌಕರಿ ಬಿಡೋದೇ ಸರಿ ಅಲ್ವಾ ಅಂತ ನೀವು ಕೇಳಬಹುದು. ಶರಣು ಕೂಡ ಅದನ್ನೇ ಕೇಳಿದರು. ನಾನು ಬೇಳೆ ವ್ಯಾಪಾರಕ್ಕೆ ವಾಪಸ್ ಹೋದೆ. ‘2022ರಲ್ಲಿ ನೆಟೆ ರೋಗ ಬಂದು ಹೊಲಗಳು ನಿಂತಲ್ಲೇ ಒಣಗಿದವಲ್ಲ, ಅಂಥದ್ದೇ ವರ್ಷ ಅಂದುಕೊಳ್ಳಿ. ನಿಮ್ಮ ಪ್ಯಾಕೆಟ್ ಮೇಲೆ ಕಲಬುರಗಿ ತೊಗರಿ ಅಂತ ಅಚ್ಚಾಗಿದೆ. ಬೆಂಗಳೂರಿನಿಂದ ಆರ್ಡರ್ ಬಂದಿದೆ, ಇಲ್ಲಿ ಮಾಲಿಲ್ಲ. ಮೊಜಾಂಬಿಕ್, ಮ್ಯಾನ್ಮಾರ್‌ನಿಂದ ಬಂದ ತೊಗರಿ ಕಮ್ಮಿ ರೇಟಿಗೆ ಸಿಗುತ್ತಿದೆ. ಏನು ಮಾಡುತ್ತೀರಿ?’

ಮುಖ ಸಣ್ಣದಾಯಿತು. ‘ಸೀಸನ್ ಮುಗದ ಮ್ಯಾಲ ಸ್ವಲ್ಪ ಕಲಸ್ಬೇಕಾಗ್ತದ, ಎಲ್ಲಾರೂ ಮಾಡ್ತಾರ ಅಂತ ನಮ್ಮ ಭಾವ ಈಗೇ ಹೇಳ್ಯಾನ್ರಿ.’

ನನ್ನ ಸಲಹೆ ಅಲ್ಲಿಂದ ಹುಟ್ಟಿತು. ತೊಗರಿ ರಾಶಿ ಮುಗಿಯುವವರೆಗೆ, ಅಂದರೆ ಜನವರಿವರೆಗೆ, ರಾಜೀನಾಮೆ ಮುಟ್ಟಬೇಡಿ. ಅಲ್ಲಿಯವರೆಗೆ ನಿಮ್ಮ ಟೇಬಲ್ ಮುಂದೆ ಕೂತ ಪ್ರತಿಯೊಬ್ಬರಿಗೂ ಅವರ ಮಾತಿನಲ್ಲೇ ಹೇಳಿ: ಇದು ಡಿಪಾಜಿಟ್ ಅಲ್ಲ, ವಿಮೆ, ಬೇಡ ಅಂದರೂ ಸಾಲ ಸಿಗುತ್ತದೆ. ಹಾಗೆ ಹೇಳಿದ್ದಕ್ಕೆ ಏನೇನು ಕಳೆದುಕೊಂಡಿರಿ ಬರೆದಿಡಿ. ಟಾರ್ಗೆಟ್, ಬೈಗುಳ, ವರ್ಗಾವಣೆ, ಏನು ಬಂದರೂ. ಆ ಬೆಲೆ ಕೊಡೋಕೆ ನೌಕರಿಯೊಳಗೇ ಆಗುತ್ತಾ ಅಂತ ಗೊತ್ತಾಗಲಿ. ಆಗದಿದ್ದರೆ ಬಿಡಿ, ನಾನೇ ಬಿಡಿ ಅನ್ನುತ್ತೇನೆ. ಎರಡನೆಯದು, ಹೆಂಡತಿಗೆ ನಿಜವಾದ ಕಾರಣ ಹೇಳಿ. ಬೇಳೆಯ ಕಥೆ ಅಲ್ಲ, ಮುತ್ಯಾನ ಕಥೆ. ಅವರಿಗೆ ಅಲ್ಲಿಯವರೆಗೆ ಅದು ಗೊತ್ತೇ ಇರಲಿಲ್ಲ. ಅಣ್ಣನ ಜೊತೆ ಪಾಲುದಾರಿಕೆ ಅಂತ ಪಾಪ ಖುಷಿಯಾಗಿದ್ದರು. ಮೂರನೆಯದು, ಆ ಮುತ್ಯಾನ ಮನೆಗೆ ಹೋಗಿ.

ಈ ಕೊನೆಯದಕ್ಕೆ ನನ್ನ ವೃತ್ತಿಯ ಗೆಳತಿಯೊಬ್ಬರು ಆಕ್ಷೇಪ ಎತ್ತಿದರು. ಆಪ್ತಸಲಹೆಗಾರರು ನ್ಯಾಯ ಪಂಚಾಯಿತಿ ಮಾಡಬಾರದು ಅಂದರು. ಪಂಚಾಯಿತಿ ನಾನು ಮಾಡಿಲ್ಲ. ಮುತ್ಯಾನ ವಿಷಯವನ್ನು ನನ್ನ ಮುಂದೆ ತೆಗೆದವರು ಶರಣುವೇ. ಅವನ ಹತ್ತಿರ ಹೋಗದೆ ನೌಕರಿ ಬಿಟ್ಟರೆ, ಬಿಟ್ಟ ಮೇಲೂ ಲಕೋಟೆ ಟೇಬಲ್ ಮೇಲೇ ಇರುತ್ತಿತ್ತು.

ಸಂಬಳದ ಆಸೆಗೆ ಕಟ್ಟಿಹಾಕಿದಿರಿ ಅಂತಲೂ ಕೆಲವರು ಅನ್ನಬಹುದು. ಅನ್ನಲಿ. ನಮ್ಮ ಭಾಗದಲ್ಲಿ ಒಂದು ನೌಕರಿಗೆ ಎರಡು ಮೂರು ಮನೆಗಳ ಒಲೆ ಉರಿಯುತ್ತವೆ. ಮನಸ್ಸು ಹೇಳಿದಂತೆ ಹೋಗಿ ಅಂತ ನಾನು ಸುಲಭವಾಗಿ ಹೇಳಿಬಿಡಬಹುದು, ಕಂತು ಕಟ್ಟೋರು ಅವರು. ಬಿಟ್ಟರೆ ಸಾಮಾನ್ಯವಾಗಿ ಮೂರು ತಿಂಗಳ ನೋಟಿಸ್ ಕೊಡಬೇಕು. ಸಿಬ್ಬಂದಿ ದರದಲ್ಲಿ ತೆಗೆದ ಗೃಹಸಾಲ ಆ ದರದಲ್ಲಿ ಉಳಿಯಲ್ಲ, ಕಂತು ಏರುತ್ತದೆ. ಎನ್‌ಪಿಎಸ್ ಪಿಂಚಣಿ ಖಾತೆ ಅದೇ ನಂಬರಿನಲ್ಲಿ ಮುಂದುವರಿಯುತ್ತದೆ, ನೌಕರಿ ಬಿಡುವಾಗ ಸಿಗುವ ಗ್ರಾಚ್ಯುಟಿಗೆ ಐದು ವರ್ಷ ತುಂಬಿರಬೇಕು. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿದ ಮೇಲೆಯೇ ಮೌಲ್ಯದ ಮಾತಿಗೆ ತೂಕ ಬರೋದು.

ಮುಂದಿನ ಸಲ ಬಂದಾಗ ಶರಣು ಸ್ವಲ್ಪ ಇಳಿದಿದ್ದರು, ಆದರೆ ಮಾತು ಗಟ್ಟಿಯಾಗಿತ್ತು. ಶಾಖೆಯ ವಿಮೆ ಲೆಕ್ಕ ನೆಲ ಕಚ್ಚಿತ್ತು. ವಿಡಿಯೋ ಮೀಟಿಂಗಿನಲ್ಲಿ ಎಲ್ಲರ ಎದುರು ನಿಲ್ಲಿಸಿ ಬೈದಿದ್ದರಂತೆ. ‘ಬೈಸ್ಕೊಂಡು ಮನಿಗಿ ಹೋಗಿ ಎರಡು ರೊಟ್ಟಿ ಜಾಸ್ತಿ ತಿಂದೀನ್ರಿ’ ಅಂದರು.

ಮುತ್ಯಾನ ಮನೆಗೂ ಹೋಗಿದ್ದರು. ಲಕೋಟೆ ಒಡೆದು ಓದಿ ಹೇಳಿದರು. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡ ಅಂದಿದ್ದರೆ ಬಹುಪಾಲು ಹಣ ವಾಪಸ್ ಬರುತ್ತಿತ್ತು, ಆ ಅವಧಿ ಯಾವಾಗಲೋ ಮುಗಿದಿತ್ತು. ಇನ್ನು ಕಟ್ಟದೆ ಬಿಟ್ಟರೆ, ಒಂದಿಷ್ಟು ಶುಲ್ಕ ಕಳೆದು ಉಳಿದದ್ದು ಐದು ವರ್ಷ ತುಂಬಿದ ಮೇಲೆ ಸಿಗುತ್ತದೆ. ಮುತ್ಯಾ ಬಯ್ಯಲಿಲ್ಲ, ಕೈಯನ್ನೂ ಮುಗಿಯಲಿಲ್ಲ. ‘ಹಂಗಿದ್ರ ಮುಂದಿಂದು ಕಡೀಬ್ಯಾಡ’ ಅಂದ. ಖಾತೆಯಿಂದ ತಾನಾಗಿ ಕಂತು ಕಡಿಯೋದನ್ನು ಶರಣು ಮರುದಿನವೇ ನಿಲ್ಲಿಸಿಕೊಟ್ಟರು.

ಭಾವನ ಜೊತೆಗಿನ ಬೇಳೆ ವ್ಯಾಪಾರ ಈಗ ಮಾತಿನಲ್ಲಿಲ್ಲ. ರೈತ ಉತ್ಪಾದಕರ ಕಂಪನಿಯೊಂದರಲ್ಲಿ ಕೆಲಸದ ಮಾತು ನಡೆದಿದೆ, ಸಂಬಳ ಈಗಿನ ಅರ್ಧವೂ ಇಲ್ಲ. ಹೆಂಡತಿ ಬೇಡ ಅಂದಿಲ್ಲ, ಹೂಂ ಅಂತಲೂ ಅಂದಿಲ್ಲ. ರಾಶಿ ಮುಗಿದ ಮೇಲೆ ಇಬ್ಬರೂ ಬರುತ್ತಾರೆ. ಗೃಹಸಾಲದ ಹೊಸ ಕಂತು ಎಷ್ಟಾಗುತ್ತೆ ಅಂತ ಬರೆಸಿಕೊಂಡು ಬರೋಕೆ ಹೇಳಿದ್ದೇನೆ.