ಕಾರಣ ಮೂರು, ಉತ್ತರ ಮಾತ್ರ ಒಂದೇ

ಪ್ರಶ್ನೆ: ನನಗೆ 33 ವರ್ಷ. ತುಮಕೂರು ಜಿಲ್ಲೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ 10 ವರ್ಷದಿಂದ ಕ್ಲರ್ಕ್ ಆಗಿದ್ದೇನೆ. ಎರಡು ಸಲ ಶಾಖೆಯ ಮ್ಯಾನೇಜರ್ ಆಗಿ ಬಡ್ತಿ ಕೊಟ್ಟರು. ಎರಡು ಸಲವೂ ಬೇಡ ಅಂದೆ. ಮೊದಲ ಸಲ ಮಗು ಚಿಕ್ಕದಿತ್ತು. ಎರಡನೇ ಸಲ ಅತ್ತೆಗೆ ಲಕ್ವ ಹೊಡೆದಿತ್ತು. ಆಗ ಬೇಡ ಅಂತ ಬರೆದುಕೊಟ್ಟ ರಾತ್ರಿ, ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು. ಈಗ ಮತ್ತೆ ಕೇಳಿದ್ದಾರೆ, ಮತ್ತೆ ನಿದ್ದೆ ಕೆಟ್ಟಿದೆ. ಅತ್ತೆ ಓಡಾಡುತ್ತಾರೆ, ಮಗಳು ಮೂರನೇ ಕ್ಲಾಸು. ಅವಳ ಓದಿಗೆ ತೊಂದರೆ ಆಗುತ್ತೆ ಅಂದರೆ ಯಜಮಾನರು, ‘ಓದಿಸೋದು ನಾನಲ್ವಾ?’ ಅಂದರು. ಕೆಲಸ ಎಲ್ಲ ಗೊತ್ತಿದೆ. ವಾರ್ಷಿಕ ವರದಿ ಬರೆಯುವುದೂ ನಾನೇ. ಆದರೆ ಮ್ಯಾನೇಜರ್ ಆದರೆ ಸೆಪ್ಟೆಂಬರ್ ಮಹಾಸಭೆಯಲ್ಲಿ ಎಲ್ಲರ ಮುಂದೆ ನಿಂತು ಅದನ್ನು ಓದಬೇಕು. ಏಳನೇ ಕ್ಲಾಸಿನಲ್ಲಿ ಪ್ರತಿಭಾ ಕಾರಂಜಿಯಲ್ಲಿ ಭಾಷಣ ಮರೆತು ನಿಂತುಬಿಟ್ಟಿದ್ದೆ. ಅದು ಬಿಡಿ, ಹಳೇ ಕತೆ. ನನಗೆ ಆತ್ಮವಿಶ್ವಾಸವೇ ಇಲ್ಲ. ಬೆಳೆಸಿಕೊಳ್ಳುವುದು ಹೇಗೆ?

ಉತ್ತರ: ‘ಅದು ಬಿಡಿ’ ಅಂದಿರಿ. ನನಗೆ ಬಿಡಲು ಆಗಲಿಲ್ಲ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ, ಮೂರು ಸಲವೂ ಕಣ್ಣು ಆ ಸಾಲಿನ ಮೇಲೇ ನಿಂತಿತು.

ಮೊದಲಿಗೆ ಒಂದು ವಿಷಯ ಹೇಳಿಬಿಡುತ್ತೇನೆ. ನೀವು ಕೊಟ್ಟ ಕಾರಣಗಳು ಸುಳ್ಳಲ್ಲ. ಲಕ್ವ ಹೊಡೆದವರನ್ನು ಎತ್ತಿ ಕೂರಿಸುವುದು, ಊಟ ಮಾಡಿಸುವುದು, ಗೋಡೆ ಹಿಡಿಸಿ ನಡೆಸುವುದು ಎಂಥ ಕೆಲಸ ಅಂತ ಮಾಡಿದವರಿಗೇ ಗೊತ್ತು. ಅದನ್ನು ಯಾರೂ ಕುಂಟು ನೆಪ ಅನ್ನಬಾರದು. ಆದರೆ ಮೂರನ್ನೂ ಒಂದು ಹಾಳೆಯಲ್ಲಿ ಒಂದರ ಕೆಳಗೊಂದು ಬರೆದು ನೋಡಿ. ಮಗು, ಅತ್ತೆ, ಮಗಳ ಓದು. ಕಾರಣ ಪ್ರತಿ ಸಲ ಬದಲಾಯಿತು, ಉತ್ತರ ಮಾತ್ರ ‘ಬೇಡ’ ಅಂತಲೇ ಉಳಿಯಿತು. ಒಳಗೆ ಅಡಗಿ ಕೂತ ಭಯ ಸಿಕ್ಕಿಬೀಳುವುದು ಇಲ್ಲೇ. ಅದು ನಿಜವಾದ ಕಾರಣಗಳ ಹಿಂದೆ ನಿಲ್ಲುತ್ತದೆ. ಅದಕ್ಕೇ ಇಷ್ಟು ವರ್ಷ ನಿಮಗೇ ಕಾಣಿಸಲಿಲ್ಲ. ಈ ಸಲ ಯಜಮಾನರು ಒಂದು ಮಾತು ಕೇಳಿದರು, ಮರೆ ಹೋಯಿತು. ನಿದ್ದೆ ಕೆಟ್ಟದ್ದು ಅದಕ್ಕೇ ಅಂತ ನನಗನಿಸುತ್ತದೆ.

ಇನ್ನು ಆ ಹಳೇ ಕತೆ. ಪ್ರತಿಭಾ ಕಾರಂಜಿ ಹೇಗಿರುತ್ತದೆ ಅಂತ ನಮಗೆಲ್ಲ ಗೊತ್ತು. ಶಾಲೆಯ ಅಂಗಳದಲ್ಲಿ ಶಾಮಿಯಾನ. ಕುಯ್ ಅನ್ನುವ ಮೈಕು. ಮುಂದೆ ಬೇರೆ ಊರಿನ ಮಕ್ಕಳು, ಪಕ್ಕದಲ್ಲಿ ಪೆನ್ನು ಹಿಡಿದು ಕೂತ ತೀರ್ಪುಗಾರರು. ಭಾಷಣ ಬಹುಶಃ ಮೇಷ್ಟ್ರು ಬರೆದುಕೊಟ್ಟದ್ದು, ನೀವು ಉರು ಹೊಡೆದದ್ದು. ಉರು ಹೊಡೆದ ಮಾತು ಹಾಗೇ, ಒಂದು ಪದ ಜಾರಿದರೆ ಹಿಂದೆಯೇ ಎಲ್ಲವೂ ಜಾರಿಹೋಗುತ್ತದೆ. ಹನ್ನೆರಡು ವರ್ಷದ ಹುಡುಗಿಗೆ ಅದರಲ್ಲಿ ತಪ್ಪೇನಿದೆ? ಈಗ ನಿಮ್ಮ ಕೈಯಲ್ಲಿರುವುದು ನೀವೇ ಬರೆದ ವರದಿ. ಷೇರು ಬಂಡವಾಳ ಎಷ್ಟು, ಸುಸ್ತಿ ಸಾಲ ಎಷ್ಟು, ಡಿವಿಡೆಂಡ್ ಯಾಕೆ ಕಡಿಮೆ ಬಂತು ಅಂತ ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳುತ್ತೀರಿ. ಮರೆತರೂ ಹಾಳೆ ಕಣ್ಣ ಮುಂದೆಯೇ ಇರುತ್ತದೆ.

ಇದೆಲ್ಲ ನಿಮಗೂ ಗೊತ್ತು. ಆದರೂ ಸಭೆ ನೆನೆದರೆ ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಅಲ್ವಾ? ಅಪಾಯ ಅಂತ ಮೆದುಳು ಕೂಗಿದ ಕೂಡಲೇ ಅಡ್ರಿನಲಿನ್ ಹರಿಯುತ್ತದೆ, ಮೈ ಓಡಲು ಸಿದ್ಧವಾಗುತ್ತದೆ. ಅಲ್ಲೇ ನಿಂತರೆ ಸ್ವಲ್ಪ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಓಡಿಬಿಟ್ಟರೆ ತಕ್ಷಣ ಹಾಯ್ ಅನಿಸುತ್ತದೆ. ಬೇಡ ಅಂತ ಬರೆದುಕೊಟ್ಟ ರಾತ್ರಿ ಬಂದ ಆ ಒಳ್ಳೆ ನಿದ್ದೆ ಅದೇ. ನಿಮ್ಮ ಭಯಕ್ಕೆ ಗೊಬ್ಬರ ಬಿದ್ದದ್ದೂ ಆವತ್ತೇ. ‘ತಪ್ಪಿಸಿಕೊಂಡದ್ದರಿಂದ ಉಳಿದೆ’ ಅಂತ ಮನಸ್ಸು ಕಲಿತುಬಿಟ್ಟಿತು.

ಇದನ್ನು ಮರೆಸುವ ದಾರಿಯೊಂದನ್ನು 1924ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಬರೆದಿಟ್ಟಿದ್ದಾರೆ. ಪೀಟರ್ ಅಂತ ಒಂದು ಮಗು, ಇನ್ನೂ ಮೂರು ತುಂಬಿರಲಿಲ್ಲ. ಮೊಲ ಕಂಡರೆ ಭಯ. ಹತ್ತಿ ಕಂಡರೂ ಭಯ. ಹೆದರದ ಮಕ್ಕಳ ಜೊತೆ ಆಡಲು ಬಿಟ್ಟರು, ಒಂದಷ್ಟು ಸುಧಾರಿಸಿತು. ಅಷ್ಟರಲ್ಲಿ ಜ್ವರ ಬಂದು ಆಸ್ಪತ್ರೆ ಸೇರಿತು. ಅಲ್ಲಿಂದ ಹೊರಡುವಾಗ ದೊಡ್ಡ ನಾಯಿಯೊಂದು ಮೈಮೇಲೆ ಹಾರಿತು. ಭಯ ಮತ್ತೆ ಮೊದಲಿನಷ್ಟೇ ಆಯಿತು. ಜೋನ್ಸ್ ಕೈಬಿಡಲಿಲ್ಲ. ಮಗು ಇಷ್ಟದ ತಿಂಡಿ ತಿನ್ನುವಾಗ ಪಂಜರದಲ್ಲಿ ಮೊಲ ತಂದು, ಊಟಕ್ಕೆ ತೊಂದರೆ ಆಗದಷ್ಟು ದೂರದಲ್ಲಿಟ್ಟರು. ಆಮೇಲೆ ಸ್ವಲ್ಪ ಸ್ವಲ್ಪ ಹತ್ತಿರಕ್ಕೆ. ಕೊನೆಗೆ ಮೊಲ ಬೆರಳು ಕಚ್ಚಿ ಆಡಿದರೂ ಪೀಟರ್ ಸುಮ್ನೆ ಇದ್ದ. ಇವತ್ತಿಗೂ ಭಯದ ಚಿಕಿತ್ಸೆಯಲ್ಲಿ ಈ ‘ಸ್ವಲ್ಪ ಸ್ವಲ್ಪ ಹತ್ತಿರ’ ಅನ್ನುವುದೇ ದೊಡ್ಡ ದಾರಿ. ನಡುವೆ ಬಂದ ಆ ನಾಯಿಯನ್ನೂ ನೆನಪಿಡಿ. ನಿಮಗೂ ಅಂಥ ದಿನ ಬರಬಹುದು, ಅಷ್ಟಕ್ಕೇ ಎಲ್ಲ ಮುಗಿಯುವುದಿಲ್ಲ.

ನಿಮ್ಮ ಮೊಲ ಮಹಾಸಭೆ. ಅದನ್ನು ದೂರದಲ್ಲಿಟ್ಟು ಶುರು ಮಾಡೋಣ. ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ಸಾಲಕ್ಕೆ ಬರುತ್ತಾರಲ್ಲ, ಕೌಂಟರಿನಲ್ಲಿ ಒಬ್ಬೊಬ್ಬರಿಗೆ ಹೇಳುವ ಬದಲು ಹತ್ತು ಜನರನ್ನು ಬೆಂಚಿನ ಮೇಲೆ ಕೂರಿಸಿ, ನೀವು ನಿಂತು ಐದು ನಿಮಿಷ ಹೇಳಿ. ಕಂತು ಹೇಗೆ, ಬಡ್ಡಿ ಹೇಗೆ, ಯಾವ ಕಾಗದ ಬೇಕು. ಕೈ ನಡುಗಿದರೆ ನಡುಗಲಿ, ಪಾಸ್‌ಬುಕ್ ಹಿಡಿದುಕೊಳ್ಳಿ. ಅವರು ನಿಮ್ಮ ಕೈ ನೋಡುವುದಿಲ್ಲ, ಸಾಲ ಯಾವಾಗ ಸಿಗುತ್ತೆ ಅಂತ ನೋಡುತ್ತಾರೆ. ಒಂದು ಸಲ ಮಾಡಿ ಬಿಡಬೇಡಿ. ಬೇಜಾರು ಬರುವಷ್ಟು ಸಲ ಮಾಡಿ. ಆಮೇಲೆ ಸಿಬ್ಬಂದಿ ಸಭೆ. ಆಮೇಲೆ ನಿರ್ದೇಶಕರ ಸಭೆಯಲ್ಲಿ ಎರಡು ನಿಮಿಷದ ವಂದನಾರ್ಪಣೆ. ಧೈರ್ಯ ಬರಲಿ, ಆಮೇಲೆ ಮಾತಾಡುತ್ತೇನೆ ಅಂತ ಕಾಯಬೇಡಿ. ನೀವು ಕೇಳಿದ ಆತ್ಮವಿಶ್ವಾಸ ಇಂಥ ಐದೈದು ನಿಮಿಷಗಳಿಂದಲೇ ಬರುತ್ತದೆ.

ಬಡ್ತಿ ಒಪ್ಪಿಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ. ಮೊದಲ ವರ್ಷ ವರದಿಯ ಅರ್ಧ ಭಾಗ ಮಾತ್ರ ಓದುತ್ತೇನೆ ಅಂತ ಅಧ್ಯಕ್ಷರನ್ನು ಕೇಳಿ, ಅದರಲ್ಲಿ ಅವಮಾನ ಏನೂ ಇಲ್ಲ. ನಿದ್ದೆ ಇನ್ನೂ ಬಾರದಿದ್ದರೆ, ದಿನದ ಕೆಲಸಕ್ಕೂ ತೊಂದರೆ ಆದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಒಂದು ಅನುಮಾನ ಉಳಿದಿದೆ. ಆ ವೇದಿಕೆಯ ಕತೆಯನ್ನು ಯಜಮಾನರಿಗೆ ಯಾವತ್ತಾದರೂ ಹೇಳಿದ್ದೀರಾ? ನನಗೆ ಬರೆಯುವಾಗಲೂ ಒಂದೇ ಸಾಲಿನಲ್ಲಿ ದಾಟಿಬಿಟ್ಟಿರಿ. ಇವತ್ತು ರಾತ್ರಿ ಊಟ ಆಗಿ ಮಗಳು ಮಲಗಿದ ಮೇಲೆ ಅವರ ಹತ್ತಿರ ಕೂತು ಹೇಳಿ. ಯಾವ ವಿಷಯದ ಭಾಷಣ, ಯಾವ ಪದದ ಹತ್ತಿರ ನಿಂತುಹೋಯಿತು, ಕೆಳಗೆ ಇಳಿದು ಎಲ್ಲಿ ಹೋಗಿ ಕೂತಿರಿ, ಎಲ್ಲ.