ತಾತನ ಕೋವಿ ರಿಪೇರಿಗೆ ಮನೆಯಲ್ಲೇ ಲೇತ್ ಇಟ್ಟುಕೊಳ್ಳಬಹುದಾ?

ಗೋಣಿಕೊಪ್ಪದ ಹತ್ತಿರ ತೋಟ, ಮನೆಯಲ್ಲಿ ತಾತನ ಕಾಲದ ಜೋಡಿ ನಳಿಗೆ ಕೋವಿ. ಅದನ್ನು ಸರಿ ಮಾಡಿಕೊಳ್ಳಲು ಸೆಕೆಂಡ್ ಹ್ಯಾಂಡ್ ಲೇತ್ (ಲೋಹದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರ) ತಗೊಳ್ಳಬಹುದಾ, ತಗೊಂಡರೆ ಹೇಗೆ ಕೂರಿಸೋದು ಅಂತ ಕೇಳಿದ್ದೀರಿ. ಲೇತ್ ಧಾರಾಳವಾಗಿ ತಗೊಳ್ಳಿ. ಕೋವಿಯನ್ನು ಮಾತ್ರ ಅದಕ್ಕೆ ಕಟ್ಟಬೇಡಿ.

ನೀವು ಕೊಡವರು, ಲೈಸೆನ್ಸ್ ವಿನಾಯಿತಿ ಇದೆ ಅಂತ ಬರೆದಿದ್ದೀರಿ. ಇದೆ, ಸರಿ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲು, ಜೊತೆಯಲ್ಲಿ ಒಯ್ಯಲು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಬೇರೆಯೇ ಮಾತು. ತಯಾರಿಕೆ, ಮಾರ್ಪಾಡು, ರಿಪೇರಿ, ಪರೀಕ್ಷೆ ಎಲ್ಲಕ್ಕೂ ಅಲ್ಲಿ ಪ್ರತ್ಯೇಕ ಲೈಸೆನ್ಸ್ ಬೇಕು. ಕಾನೂನು ಬಿಡಿ, ಹಳೇ ನಳಿಗೆಯ ಒಳಗೆ ತುಕ್ಕು ಎಷ್ಟು ತಿಂದಿದೆ, ಉಳಿದ ಉಕ್ಕು ತೋಟಾ ಸಿಡಿದಾಗಿನ ಒತ್ತಡ ತಡೆಯುತ್ತದಾ ಅಂತ ಶೆಡ್ಡಿನಲ್ಲಿ ಕೂತು ಹೇಳಲು ಲೇತ್ ಓಡಿಸುವ ಯಾವ ಟರ್ನರ್‌ಗೂ ಆಗಲ್ಲ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತೋರಿಸಿ. ಅವರು ಬೇಡ ಅಂದರೆ ಹೊರಗಡೆ ಎಣ್ಣೆ ಸವರಿ, ನಮ್ಮ ಆಯುಧಪೂಜೆಯಂಥ ಕೈಲ್‌ಪೊಳ್ದ್ ಹಬ್ಬಕ್ಕೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗೆ ಇಡಿ.

ಇನ್ನು ಲೇತ್. ನಾನು ಪೀಣ್ಯದಲ್ಲಿ ಟರ್ನರ್ ಆಗಿದ್ದವನು. ಈಗ ಸಕಲೇಶಪುರದ ಕಡೆ ಒಂದು ಹಳೇ ಕಿರ್ಲೋಸ್ಕರ್ ಇಟ್ಟುಕೊಂಡಿದ್ದೇನೆ. ತೋಟದಲ್ಲಿ ಅದಕ್ಕೆ ಕೆಲಸ ಇಲ್ಲದ ವಾರ ಇಲ್ಲ. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್‌ನ ಶಾಫ್ಟ್ ಸವೆಯುತ್ತದೆ, ಪಂಪಿನ ಬುಷ್ ಹೋಗುತ್ತದೆ, ಸ್ಪ್ರೇಯರ್ ಪಿನ್ ಮುರಿಯುತ್ತದೆ. ಕೊಯ್ಲಿನ ಮಧ್ಯೆ ಒಂದು ಬುಷ್‌ಗಾಗಿ ಪೇಟೆಗೆ ಓಡುವ ಕಷ್ಟ ನಿಮಗೆ ಹೇಳಬೇಕಾಗಿಲ್ಲ ಅಲ್ವಾ?

ನಿಮಗೆ ನಾಲ್ಕೂವರೆ ಅಡಿ ಬೆಡ್ಡಿನದು ಸಾಕು (ಬೆಡ್ ಅಂದರೆ ಉಳಿದೆಲ್ಲ ಭಾಗ ಕೂರುವ ಉದ್ದನೆಯ ಬೀಡಿನ ಹಳಿ). ಆರು ಅಡಿಯದು ಸಿಕ್ಕರೆ, ಜಾಗ ಇದ್ದರೆ, ಇನ್ನೂ ಒಳ್ಳೆಯದು. ಹೊಸದರಲ್ಲಿ ಬಟಾಲಾ, ರಾಜ್‌ಕೋಟ್ ಕಡೆಯವು ಅಗ್ಗ. ನನ್ನ ಮಾತು ಕೇಳುವುದಾದರೆ ಹರಿಹರದ ಮೈಸೂರು ಕಿರ್ಲೋಸ್ಕರ್‌ನ ಎಂಟರ್‌ಪ್ರೈಸ್ ಅಥವಾ ಟರ್ನ್‌ಮಾಸ್ಟರ್, ಇಲ್ಲಾ ಎಚ್‌ಎಂಟಿಯ ಎಲ್‌ಬಿ 17 ಹುಡುಕಿ. ಹಳೆಯವು, ಆದರೆ ಬೀಡು ಗಟ್ಟಿ. ಪೇಂಟ್ ನೋಡಿ ಮರುಳಾಗಬೇಡಿ. ಮಾರುವವರು ಮೊದಲು ಮಾಡುವ ಕೆಲಸವೇ ಹಸಿರು ಪೇಂಟ್ ಬಳಿಯೋದು.

ನೀವು ದುಡ್ಡು ಕೊಡುವುದು ಬೆಡ್ಡಿಗೆ. ಮೋಟರ್ ಬದಲಾಯಿಸಬಹುದು, ತುಂಡನ್ನು ಹಿಡಿದು ತಿರುಗಿಸುವ ಚಕ್ ಬದಲಾಯಿಸಬಹುದು. ಸವೆದ ಬೆಡ್ಡನ್ನು ಗ್ರೈಂಡ್ ಮಾಡಿಸಲು ಹೋದರೆ ಇನ್ನೊಂದು ಲೇತಿನ ಖರ್ಚು. ಸವೆತ ಯಾವಾಗಲೂ ಚಕ್ ಹತ್ತಿರದ ಒಂದಡಿಯಲ್ಲಿ ಜಾಸ್ತಿ, ಯಾಕೆಂದರೆ ಕೆಲಸವೆಲ್ಲ ನಡೆಯುವುದು ಅಲ್ಲೇ. ಟೂಲ್ ಹೊತ್ತು ಬೆಡ್ ಮೇಲೆ ಓಡಾಡುವ ಸ್ಯಾಡಲನ್ನು ಚಕ್ ಪಕ್ಕಕ್ಕೆ ತನ್ನಿ. ಅದರ ಲಾಕ್ ಬೋಲ್ಟನ್ನು ಸ್ವಲ್ಪ ಬಿಗಿ ಅನಿಸುವಷ್ಟು ತಿರುಗಿಸಿ. ಈಗ ಕೈಚಕ್ರ ತಿರುಗಿಸುತ್ತಾ ಬಲತುದಿಯ ಟೇಲ್‌ಸ್ಟಾಕ್ (ತುಂಡಿಗೆ ಆಸರೆ ಕೊಡುವ ಭಾಗ) ಕಡೆಗೆ ಹೋಗಿ. ಕೊನೆವರೆಗೂ ಒಂದೇ ಬಿಗಿ ಇದ್ದರೆ ಬೆಡ್ ಚೆನ್ನಾಗಿದೆ. ಅರ್ಧದಲ್ಲೇ ಸ್ಯಾಡಲ್ ಕಚ್ಚಿ ನಿಂತರೆ ನಮಸ್ಕಾರ ಹೇಳಿ ಬನ್ನಿ.

ಆಮೇಲೆ ಎಡಗಡೆಯ ಗೇರ್ ಮುಚ್ಚಳ ತೆಗೆಸಿ. ಹಲ್ಲು ಮುರಿದಿದೆಯಾ, ಥ್ರೆಡ್‌ಗೆ ತಕ್ಕಂತೆ ಬದಲಿಸುವ ಚೇಂಜ್ ಗೇರ್ ಎಲ್ಲಾ ಇವೆಯಾ ನೋಡಿ. 127 ಹಲ್ಲಿನ ಗೇರ್ ಇದೆಯಾ ಅಂತ ಕೇಳಿ. ಐದು ಇಂಚು ಅಂದರೆ 127 ಮಿಲಿಮೀಟರ್. ಹಾಗಾಗಿ ಇಂಚಿನ ಲೀಡ್ ಸ್ಕ್ರೂನಲ್ಲಿ (ಥ್ರೆಡ್ ತೆಗೆಯುವಾಗ ಸ್ಯಾಡಲನ್ನು ಎಳೆಯುವ ಉದ್ದ ಸ್ಕ್ರೂ) ಎಂ.ಎಂ. ಥ್ರೆಡ್ ತೆಗೆಯಲು ಆ ಗೇರ್ ಬೇಕು. ಹಳೇ ಇಂಗ್ಲಿಷ್ ಪಲ್ಪರ್‌ಗಳಲ್ಲಿ ವಿಟ್‌ವರ್ತ್ ಅನ್ನುವ ಇಂಚಿನ ಥ್ರೆಡ್, ಹೊಸ ಪಂಪುಗಳಲ್ಲಿ ಎಂ.ಎಂ. ನಿಮಗೆ ಎರಡೂ ಬರುತ್ತವೆ.

ಸಾಗಿಸುವಾಗ ಹುಷಾರು. ಇಂಥ ಮೆಷಿನ್ ಅರ್ಧ ಟನ್‌ಗೂ ಮೇಲೆ ತೂಗಬಹುದು, ಭಾರವೆಲ್ಲ ಹೆಡ್‌ಸ್ಟಾಕ್ (ಚಕ್ ಇರುವ ಎಡತುದಿ) ಕಡೆ ಮತ್ತು ಮೇಲ್ಭಾಗದಲ್ಲಿ. ಎತ್ತುವ ಮೊದಲು ಸ್ಯಾಡಲ್, ಟೇಲ್‌ಸ್ಟಾಕ್ ಎರಡನ್ನೂ ಬಲತುದಿಗೆ ತಳ್ಳಿ ಲಾಕ್ ಮಾಡಿ. ಪಟ್ಟಿ ಬೆಡ್ಡಿಗೆ ಹಾಕಬೇಕು, ಲೀಡ್ ಸ್ಕ್ರೂ ಮೇಲೆ ಭಾರ ಬಿದ್ದರೆ ಬಾಗುತ್ತದೆ. ತಿರುವಿನ ರಸ್ತೆಯಲ್ಲಿ ಪಿಕಪ್ ಹಿಂದೆ ಸುಮ್ನೆ ಹಗ್ಗ ಬಿಗಿದು ತರಬೇಡಿ, ನಾಲ್ಕು ಕಡೆಯಿಂದಲೂ ಚೈನ್ ಎಳೆಸಿ.

ಕರೆಂಟ್ ವಿಷಯ. ತೋಟದ ಪಂಪ್‌ಸೆಟ್ಟಿಗೆ ಕೊಟ್ಟ ತ್ರೀ ಫೇಸ್‌ನಿಂದ ಲೇತ್ ಓಡಿಸಬೇಡಿ, ಅದು ನೀರೆತ್ತಲು ಕೊಟ್ಟ ಕನೆಕ್ಷನ್. ಮನೆಯ ಸಿಂಗಲ್ ಫೇಸ್‌ನಲ್ಲೇ ವಿ.ಎಫ್.ಡಿ. ಡ್ರೈವ್ (ಮೋಟರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹಾಕಿ ಎರಡು ಎಚ್.ಪಿ. ಮೋಟರ್ ಓಡಿಸಬಹುದು. ಡ್ರೈವ್ 230 ವೋಲ್ಟಿನ ತ್ರೀ ಫೇಸ್ ಕೊಡುತ್ತದೆ. ಮೋಟರಿನ ಪ್ಲೇಟಿನ ಮೇಲೆ 240/415 ಅಂತ ಎರಡೂ ಇದ್ದು, ಒಳಗಿನಿಂದ ಆರು ವೈರ್ ಹೊರಗೆ ಬಂದಿದ್ದರೆ ಡೆಲ್ಟಾ ಕನೆಕ್ಷನ್ ಮಾಡಿಸಿ. ಬರೀ 415 ಡೆಲ್ಟಾ ಅಂತಿದ್ದರೆ ಆ ಮೋಟರ್ ಇದಕ್ಕೆ ಆಗಲ್ಲ. ಇನ್ನೊಂದು ಮಾತು: ಹಲವು ಹಳೇ ಲೇತ್‌ಗಳಲ್ಲಿ ಚಕ್ ಅನ್ನು ತಿರುಗಿಸುವ ಸ್ಪಿಂಡಲ್‌ಗೆ ಅದು ಥ್ರೆಡ್ಡಲ್ಲೇ ಕೂತಿರುತ್ತದೆ. ಡ್ರೈವಿನಲ್ಲಿ ತಟ್ಟನೆ ಬ್ರೇಕ್ ಅಥವಾ ರಿವರ್ಸ್ ಕೊಟ್ಟರೆ ಚಕ್ ಬಿಚ್ಚಿಕೊಂಡು ಕಾಲ ಮೇಲೆ ಬೀಳುತ್ತದೆ. ನಿಲ್ಲುವ ಸಮಯವನ್ನು ನಿಧಾನಕ್ಕೆ ಸೆಟ್ ಮಾಡಿಸಿ.

ಕೂರಿಸುವುದಕ್ಕೆ ಜಾಸ್ತಿ ಸಮಯ ಕೊಡಿ. ಅರ್ಧ ಅಡಿ ದಪ್ಪದ ಕಾಂಕ್ರೀಟ್ ಹಾಕಿಸಿ, ಚೆನ್ನಾಗಿ ಗಟ್ಟಿಯಾದ ಮೇಲೆ ಮೆಷಿನ್ ಇಡಿ. ಗಾರೆಯವರ ಲೆವೆಲ್ ಇಲ್ಲಿ ನಡೆಯಲ್ಲ. ಮೀಟರಿಗೆ 0.02 ಮಿ.ಮೀ. ತೋರಿಸುವ ಮೆಷಿನ್ ಲೆವೆಲ್ ಯಾರ ಹತ್ತಿರವಾದರೂ ಸಾಲ ತನ್ನಿ. ಅದನ್ನು ಬೆಡ್ಡಿಗೆ ಅಡ್ಡಲಾಗಿ ಇಡಿ. ಮೊದಲು ಚಕ್ ಹತ್ತಿರ ನೋಡಿ, ಆಮೇಲೆ ಬಲತುದಿಯಲ್ಲಿ. ಎರಡೂ ಕಡೆ ಗುಳ್ಳೆ ಒಂದೇ ಜಾಗದಲ್ಲಿ ನಿಲ್ಲಬೇಕು. ಮೆಷಿನ್ ಇಡೀ ಒಂದು ಕಡೆ ಚೂರು ವಾಲಿದ್ದರೂ ಪರವಾಗಿಲ್ಲ, ಬೆಡ್ ತಿರುಚಿಕೊಂಡಿರಬಾರದು.

ಕೊನೇ ತೀರ್ಪು ಲೆವೆಲ್‌ದಲ್ಲ, ತುಂಡಿನದು. ನಲವತ್ತು ಎಂ.ಎಂ. ರಾಡ್ ಚಕ್ಕಿಗೆ ಕಟ್ಟಿ, ಆರು ಇಂಚು ಹೊರಗೆ ಬಿಡಿ. ಟೇಲ್‌ಸ್ಟಾಕ್ ಆಸರೆ ಬೇಡ. ನಡುವೆ ತಗ್ಗು ಮಾಡಿ ಎರಡು ತುದಿಯಲ್ಲಿ ಎರಡು ಬಳೆ ಉಳಿಸಿ. ಟೂಲಿನ ಆಳ ಬದಲಿಸದೆ, ಒಂದೇ ಸೆಟ್ಟಿಂಗ್‌ನಲ್ಲಿ ಎರಡರ ಮೇಲೂ ತೆಳು ಕಟ್ ತೆಗೆದು ಮೈಕ್ರೋಮೀಟರ್ ಹಾಕಿ. ಚಕ್‌ನಿಂದ ದೂರದ ಬಳೆ ದಪ್ಪ ಬಂದರೆ ಬಲತುದಿಯಲ್ಲಿ ನೀವು ನಿಲ್ಲುವ ಕಡೆಯ ಮೆಷಿನ್ ಕಾಲನ್ನು ಒಂದು ಚೂರು ಏರಿಸಿ. ತೆಳು ಬಂದರೆ ಇಳಿಸಿ. ಮತ್ತೆ ಕಟ್, ಮತ್ತೆ ಅಳತೆ. ನೂರನೇ ಒಂದು ಎಂ.ಎಂ.ವರೆಗೆ ಬಂದರೆ ತೋಟದ ಕೆಲಸಕ್ಕೆ ಸಾಕೋ ಸಾಕು. ಕಾಂಕ್ರೀಟ್ ಇನ್ನೂ ಕೂರುತ್ತಿರುತ್ತದೆ, ಒಂದೆರಡು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿ.

ಮೆಷಿನ್‌ಗೆ ಕೊಟ್ಟ ದುಡ್ಡಿನ ಅರ್ಧದಷ್ಟು ಬೇರೆ ಎತ್ತಿಡಿ. ಫೋರ್ ಜಾ ಚಕ್, ಡಯಲ್ ಗೇಜ್, ಮೈಕ್ರೋಮೀಟರ್, ಡ್ರಿಲ್ ಚಕ್, ಒಂದಷ್ಟು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್. ಕಾರ್ಬೈಡ್ ಆಮೇಲೆ ನೋಡಿಕೊಳ್ಳಿ. ಮೊದಲು ಗ್ರೈಂಡರ್‌ನಲ್ಲಿ ಬಿಟ್ ಸಾಣೆ ಹಿಡಿಯೋದು ಕಲಿಯಿರಿ.

ನಿಮ್ಮ ಕಡೆಯ ಮಳೆಗಾಲದ ಬಗ್ಗೆ ಬೇರೆ ಹೇಳಲೇಬೇಕು. ಜೂನ್‌ನಿಂದ ಬೆಡ್ ಮೇಲೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ. ದಿನಾ 68 ಗ್ರೇಡ್ ಎಣ್ಣೆ ಸವರಿ, ಹತ್ತಿಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಟಾರ್ಪಾಲಿನ್ ಬೇಡ, ಒಳಗೆ ಬೆವರುತ್ತದೆ. ಟ್ರೇ ಕೆಳಗೆ ಒಂದು ಹಳೇ ಕಾಲದ ಬಿಸಿಯಾಗುವ ಬಲ್ಬ್ ಉರಿಯುತ್ತಿದ್ದರೆ ಇನ್ನೂ ವಾಸಿ.

ಲೇತ್ ಮುಂದೆ ಪಂಚೆ, ಹೆಗಲ ಮೇಲೆ ಟವಲ್, ಕೈಗೆ ಗ್ಲೌಸ್, ಬೆರಳಿಗೆ ಉಂಗುರ ಯಾವುದೂ ಬೇಡ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಚಕ್ ಕೀಯಿಂದ ಕೈ ತೆಗೆಯುವ ಮೊದಲು ಕೀಯನ್ನು ಚಕ್‌ನಿಂದ ತೆಗೆದಿರಬೇಕು.

ಮೆಷಿನ್ ನೋಡಲು ಹೋಗುವಾಗ ಪರಿಚಯದ ಟರ್ನರ್ ಒಬ್ಬರನ್ನು ದಿನಗೂಲಿ ಕೊಟ್ಟಾದರೂ ಕರೆದುಕೊಂಡು ಹೋಗಿ. ಯಾವುದಾದರೂ ಗೊತ್ತಾದರೆ ಮೋಟರ್ ಪ್ಲೇಟ್, ಚಕ್ ಹತ್ತಿರದ ಬೆಡ್, ತೆರೆದ ಗೇರ್ ಬಾಕ್ಸ್, ಈ ಮೂರರ ಫೋಟೋ ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.